ಟ್ಯಾಂಕಿನ ತಳದ ನೀರು

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಕೊಡಗಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಡೀಸೆಲ್ಲಿಗೆ ನೀರು ಸೇರಿದ್ದರ ಬಗ್ಗೆ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಬಿಎಸ್-6 (ಹೊಗೆ ನಿಯಮದ ಹೊಸ ಹಂತದ) ಲಾರಿ, ಆರು ಚಕ್ರದ್ದು. ಕುಶಾಲನಗರದ ಸುತ್ತ ಓಡಿಸಿದರೆ ಏನೂ ತೊಂದರೆಯಿಲ್ಲ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರು ಹಿಡಿದ ಕೂಡಲೇ ಎಳೆತ ಬೀಳುತ್ತದೆ, ಫಿಲ್ಟರ್ ಕೆಳಗೆ ಹನಿ ಇರುವ ಚಿತ್ರದ ದೀಪ ಹತ್ತುತ್ತದೆ. ಎರಡು ಸಲ ದಾರಿಯಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಸ್ಟಾರ್ಟ್. ಫಿಲ್ಟರ್ ಹೊಸದು ಹಾಕಿದ್ದೂ ಆಯಿತು. ಮುಂದೇನು?
— ಲಾರಿ ಮಾಲೀಕರು, ಕುಶಾಲನಗರ

ಉತ್ತರ: ಫಿಲ್ಟರನ್ನು ದೂರಬೇಡಿ, ಅದು ತನ್ನ ಕೆಲಸ ಮಾಡಿದೆ. ನೀರು ಕೂತಿರುವುದು ಟ್ಯಾಂಕಿನಲ್ಲಿ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗಿದರೆ ನೀರು 1,000 ಗ್ರಾಂ. ಆದ್ದರಿಂದ ನೀರು ಯಾವಾಗಲೂ ತಳಕ್ಕೆ. ಡೀಸೆಲ್ ಎಳೆಯುವ ಪೈಪಿನ ಬಾಯಿ ತಳಕ್ಕೆ ತಾಗದೆ ಒಂದೆರಡು ಸೆಂಟಿಮೀಟರ್ ಮೇಲಿರುತ್ತದೆ. ಟ್ಯಾಂಕಿನ ತಳ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಎಂದುಕೊಳ್ಳಿ. ಸಮತಟ್ಟಿನಲ್ಲಿ 1 ಲೀಟರ್ ನೀರು ಅಲ್ಲಿ ಬರೀ 2 ಮಿಲಿಮೀಟರ್ ಹರಡಿಕೊಳ್ಳುತ್ತದೆ, ಪೈಪಿಗೆ ಸಿಗುವುದೇ ಇಲ್ಲ. ಅದೇ ಲಾರಿ 15ಕ್ಕೆ 1ರ ಏರಿನಲ್ಲಿದ್ದರೆ ಆ ನೀರೆಲ್ಲ ಹಿಂದಿನ ಮೂಲೆಗೆ ಸರಿದು ಒಂದೂವರೆ ಸೆಂಟಿಮೀಟರಿಗಿಂತ ಆಳವಾಗಿ ನಿಲ್ಲುತ್ತದೆ. ಪೈಪ್ ಆ ಕಡೆಗಿದ್ದರೆ ಸೀದಾ ನೀರನ್ನೇ ಹೀರುತ್ತದೆ. ಇದರ ಮೇಲೆ ತಿರುವುಗಳ ಕುಲುಕಾಟ ಬೇರೆ. ಕುಶಾಲನಗರದಲ್ಲಿ ಸುಮ್ಮನಿದ್ದ ನೀರು ಏರಿನಲ್ಲಿ ಎದ್ದು ಬರುವುದು ಹೀಗೆ.

ದೀಪ ಹತ್ತಿದಾಗ ದಾರಿಯಲ್ಲಿ ಮಾಡಬೇಕಾದ್ದು ಇಷ್ಟು. ಲಾರಿಯನ್ನು ಸಮತಟ್ಟು ಕಂಡಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ಬೇರ್ಪಡಿಸುವ ಫಿಲ್ಟರಿನ ತಳದಲ್ಲಿ ಬಟ್ಟಲು, ಅದರ ಕೆಳಗೆ ಕೈಯಲ್ಲೇ ತಿರುಗಿಸುವ ಡ್ರೈನ್ ತಿರುಪು ಇರುತ್ತದೆ. ಕೆಳಗೆ ಪಾರದರ್ಶಕ ಬಾಟಲಿ ಹಿಡಿದು ಎರಡು ಮೂರು ಸುತ್ತು ಸಡಿಲಿಸಿ. ಎಷ್ಟೋ ಸಲ ಒಂದು ಹನಿಯೂ ಬೀಳುವುದಿಲ್ಲ. ಆಗ ನೀರಿಲ್ಲ ಎಂದು ಮುಚ್ಚಿಬಿಡುತ್ತಾರೆ. ಅದು ತಪ್ಪು. ಪಂಪು ಎಳೆಯುವ ಕಡೆ ಕೂತ ಫಿಲ್ಟರಿನೊಳಗೆ ಗಾಳಿ ಹೋಗದೆ ನೀರು ಇಳಿಯುವುದಿಲ್ಲ. ಮೇಲಿನ ಏರ್ ತಿರುಪನ್ನು ಸ್ವಲ್ಪ ಸಡಿಲಿಸಿ, ಇಲ್ಲವೇ ಡೀಸೆಲ್ ತಳ್ಳುವ ಕೈ ಪಂಪನ್ನು, ಅಂದರೆ ಹ್ಯಾಂಡ್ ಪ್ರೈಮರನ್ನು, ನಾಲ್ಕೈದು ಸಲ ಒತ್ತಿ. ಮೊದಲು ನೀರು, ಆಮೇಲೆ ಮಬ್ಬು, ಕೊನೆಗೆ ತಿಳಿ ಡೀಸೆಲ್ ಬರಬೇಕು. ತಿಳಿ ಬಂದ ಮೇಲೆ ಡ್ರೈನ್ ಮುಚ್ಚಿ. ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆದು, ಮೇಲಿನ ತಿರುಪು ಬಿಗಿ ಮಾಡಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ. ಟ್ಯಾಂಕಿನಲ್ಲೇ ಎಲೆಕ್ಟ್ರಿಕ್ ಪಂಪು ಇರುವ ಗಾಡಿಯಾದರೆ ಕೀ ಹಾಕಿದಾಗ ಅದೇ ಡೀಸೆಲ್ ತಳ್ಳುತ್ತದೆ. ಅದರ ಕ್ರಮ ಗಾಡಿಯ ಪುಸ್ತಕದಲ್ಲಿದೆ, ಹಾಗೆಯೇ ಮಾಡಿ.

ಬಾಟಲಿಯನ್ನು ಚೆಲ್ಲದೆ ಇಟ್ಟುಕೊಳ್ಳಿ. ಒಳಗಿನ ನೀರು ಎಷ್ಟು ಎಂಬುದೇ ಮುಂದಿನ ಕೆಲಸ ಹೇಳುತ್ತದೆ. ಒಂದೆರಡು ಚಮಚವಾದರೆ ಮಳೆಗಾಲದಲ್ಲಿ ಸಹಜ. ಅರ್ಧ ಲೋಟ ಬಂದರೆ, ಅಥವಾ ನೂರು ಕಿಲೋಮೀಟರಿನೊಳಗೆ ದೀಪ ಮತ್ತೆ ಹತ್ತಿದರೆ, ಟ್ಯಾಂಕ್ ಬಸಿಯಲೇಬೇಕು.

ಟ್ಯಾಂಕ್ ಬಸಿಯುವುದು ರಾತ್ರಿ ಕಳೆದ ಮೇಲಿನ ಕೆಲಸ. ಡ್ರೈನ್ ಬೋಲ್ಟು ಇರುವ ಮೂಲೆ ತಗ್ಗಾಗುವ ಹಾಗೆ ಲಾರಿ ನಿಲ್ಲಿಸಿ, ಏಳೆಂಟು ಗಂಟೆ ಅಲುಗಿಸಬೇಡಿ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲೇ ಬೋಲ್ಟನ್ನು ಪೂರ್ತಿ ಕಳಚದೆ ಸಡಿಲಿಸಿ, ನೀರನ್ನು ಒಂದು ಕ್ಯಾನಿಗೆ, ಡೀಸೆಲ್ ಶುರುವಾದ ಮೇಲೆ ಇನ್ನೊಂದಕ್ಕೆ ಹಿಡಿಯಿರಿ. ತುಕ್ಕಿನ ಪುಡಿ, ಕಪ್ಪು ಲೋಳೆ ಬಂದರೆ ಟ್ಯಾಂಕ್ ಇಳಿಸಿ ಒಳಗೆ ತೊಳೆಯಬೇಕು. ಬೋಲ್ಟಿನ ವಾಷರ್ ಹೊಸದೇ ಹಾಕಿ. ಆಮೇಲೆ ನೀರು ಬೇರ್ಪಡಿಸುವ ಫಿಲ್ಟರ್, ಮುಖ್ಯ ಫಿಲ್ಟರ್ ಎರಡನ್ನೂ ಬದಲಿಸಿ. ಒಂದನ್ನು ಬದಲಿಸಿ ಇನ್ನೊಂದನ್ನು ಉಳಿಸಿದರೆ ಪ್ರಯೋಜನವಿಲ್ಲ, ನೀರು ಕುಡಿದ ಕಾಗದ ಉಬ್ಬಿ ಡೀಸೆಲ್ ಬಿಡುವುದು ಕಡಿಮೆಯಾಗಿರುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಡೀಸೆಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲಿ ಮುಕ್ಕಾಲು ಸುತ್ತು. ಮುಖ್ಯ ಫಿಲ್ಟರಿನೊಳಗೆ ಕ್ಯಾನಿನ ಡೀಸೆಲ್ ಸುರಿದು ತುಂಬಿಸಿ ಕೂರಿಸುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಬಿಡಿ. ನಡುವಿನ ತೂತಿನಿಂದ ಸುರಿದ ಡೀಸೆಲ್ ಸೋಸದೆಯೇ ಪಂಪಿಗೆ ಹೋಗುತ್ತದೆ. ಪ್ರೈಮರಿನಿಂದಲೇ ತುಂಬಲಿ.

ದೀಪ ಹತ್ತಿದರೂ "ಹೇಗೂ ಓಡುತ್ತಿದೆಯಲ್ಲ" ಎಂದು ಘಾಟಿ ಹತ್ತಿಸಬೇಡಿ. ನಿಮ್ಮ ಎಂಜಿನ್ನಿನ ಕಾಮನ್ ರೈಲಿನಲ್ಲಿ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ 1,600 ಬಾರ್ ದಾಟುತ್ತದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನೊಳಗೆ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್). ಅಲ್ಲಿಗೆ ಎಣ್ಣೆಯ ಜಿಡ್ಡು ಕೊಡುವುದು ಡೀಸೆಲ್ಲೇ, ಬೇರೆ ಆಯಿಲ್ ಇಲ್ಲ. ನೀರು ಬಂದರೆ ಜಿಡ್ಡು ತಪ್ಪುತ್ತದೆ, ಲೋಹ ಲೋಹವನ್ನು ತಿನ್ನುತ್ತದೆ. ತುದಿಯ ಬಿಸಿಗೆ ನೀರು ಒಮ್ಮೆಲೇ ಆವಿಯಾಗಿ ನಾಜಲ್ ತುದಿಯನ್ನೇ ಒಡೆಯಬಹುದು. ಹೈ ಪ್ರೆಶರ್ ಪಂಪು ಸವೆದು ಲೋಹದ ಪುಡಿ ಬಿಟ್ಟರಂತೂ ರೈಲು, ಪೈಪು, ಇಂಜೆಕ್ಟರು ಎಲ್ಲ ಬಿಚ್ಚಬೇಕು. ಎರಡು ಫಿಲ್ಟರಿನ ಖರ್ಚು ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಮಾತು: ನೀರೇ ಬರದೆ ದೀಪ ಮಾತ್ರ ಹತ್ತಿಕೊಂಡೇ ಇದ್ದರೆ ಸೆನ್ಸರಿನ ಕನೆಕ್ಟರ್ ಕಳಚಿ ನೋಡಿ. ನಮ್ಮ ಮಳೆಗೆ ಅದರೊಳಗೆ ಹಸಿರು ಕಿಲುಬು ಹಿಡಿಯುವುದು ಬಹಳ.

ಪ್ರಶ್ನೆ: ಟ್ಯಾಂಕ್ ಅರ್ಧ ಖಾಲಿ ಇಟ್ಟರೆ ಒಳಗೆ ಬೆವರಿ ನೀರಾಗುತ್ತದೆ, ಅದಕ್ಕೇ ಈ ತೊಂದರೆ ಎಂದು ಡ್ರೈವರ್ ಹೇಳುತ್ತಾನೆ. ಪ್ರತಿ ರಾತ್ರಿ ಫುಲ್ ಟ್ಯಾಂಕ್ ಮಾಡಿಸಬೇಕೇ?
— ಪಿಕಪ್ ಮಾಲೀಕರು, ಸೋಮವಾರಪೇಟೆ

ಉತ್ತರ: ಬೆವರುವುದು ನಿಜ, ಲೆಕ್ಕ ಮಾತ್ರ ಹೊಂದುವುದಿಲ್ಲ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 23 ಗ್ರಾಂ. ನೀವು 200 ಲೀಟರ್ ಡೀಸೆಲ್ ಖರ್ಚು ಮಾಡಿದರೆ ಆ ಜಾಗಕ್ಕೆ 200 ಲೀಟರ್ ಗಾಳಿ ಬರುತ್ತದೆ. ಅದರಲ್ಲಿರುವ ನೀರೆಲ್ಲ ಒಂದು ಹನಿಯೂ ಬಿಡದೆ ಇಳಿದರೂ 5 ಮಿಲಿಲೀಟರ್ ಆಗುವುದಿಲ್ಲ, ಅಂದರೆ ಒಂದು ಟೀ ಚಮಚ. ಡೀಸೆಲ್ಲಿನಲ್ಲೇ ಒಂದು ಕಿಲೋಗೆ 200 ಮಿಲಿಗ್ರಾಂವರೆಗೆ ನೀರಿಗೆ ನಿಯಮದಲ್ಲಿ ಅವಕಾಶ ಇದೆ. 200 ಲೀಟರಿಗೆ ಅದು ಹೆಚ್ಚೆಂದರೆ 33 ಗ್ರಾಂ, ಅದರಲ್ಲೂ ಒಂದು ಪಾಲು ಕರಗಿಯೇ ಇದ್ದು ಎಂಜಿನ್ ಮೂಲಕ ಹೋಗಿಬಿಡುತ್ತದೆ.

ಹಾಗಾಗಿ ಬಟ್ಟಲಿನಿಂದ ಒಂದು ಲೋಟ ನೀರು ಬಂದಿದೆ ಎಂದರೆ ಅದು ಬೆವರಿದ್ದಲ್ಲ, ಎಲ್ಲಿಂದಲೋ ಒಳಗೆ ಬಿದ್ದದ್ದು. ಮೊದಲು ಮುಚ್ಚಳ ತೆಗೆದು ಅದರ ರಬ್ಬರ್ ನೋಡಿ. ಗಟ್ಟಿಯಾಗಿದ್ದರೆ, ಸೀಳಿದ್ದರೆ ಬದಲಿಸಿ. ಮುಚ್ಚಳದ ಉಸಿರಾಟದ ತೂತು ಮಣ್ಣಿನಿಂದ ಮುಚ್ಚಿದೆಯೇ ನೋಡಿ. ಅದು ಮುಚ್ಚಿದರೆ ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ, ಮುಚ್ಚಳದ ಅಂಚಿನಲ್ಲಿ ನಿಂತ ಮಳೆನೀರನ್ನೇ ಒಳಗೆ ಹೀರುತ್ತದೆ. ಕಳೆದುಹೋದ ಮುಚ್ಚಳದ ಬದಲು ಪ್ಲಾಸ್ಟಿಕ್ ಚೀಲ, ಬಟ್ಟೆ ಕಟ್ಟಿ ಓಡಿಸುವವರಿಗೆ ಹೇಳುವುದೇನೂ ಇಲ್ಲ. ಟ್ಯಾಂಕಿನ ಮೇಲೆ ಕೂತ ಗೇಜಿನ ಗ್ಯಾಸ್ಕೆಟ್ ಇನ್ನೊಂದು ದಾರಿ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಗನ್ ಅನ್ನು ಮುಚ್ಚಳಕ್ಕೆ ನೇರ ಹಿಡಿಯುವುದು ಮತ್ತೊಂದು. ಕ್ಯಾನಿನಿಂದ ಸುರಿಯುವವರಾದರೆ ಆಲಿಕೆಯನ್ನೂ ನೋಡಿ. ತೋಡಿನಲ್ಲಿ ತೊಳೆದು ಹಾಗೇ ಟ್ಯಾಂಕಿಗೆ ಇಟ್ಟರೆ ಅದರಲ್ಲಿ ಅಂಟಿದ ನೀರು ನಿಮ್ಮ ಡ್ರೈವರ್ ಹೇಳುವ ಬೆವರಿಗಿಂತ ಹೆಚ್ಚು.

ಫುಲ್ ಟ್ಯಾಂಕ್ ಮಾಡಿಸುವುದರಿಂದ ನಷ್ಟವಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಅದು ಒಳ್ಳೆಯದೇ. ದಿನಾ ಓಡುವ ಗಾಡಿಗೆ ವಾರಕ್ಕೊಮ್ಮೆ ಬಟ್ಟಲು ಬಸಿಯುವುದೇ ಸಾಕು.

ಪ್ರಶ್ನೆ: ತೋಟದಲ್ಲಿ ಡೀಸೆಲ್ಲನ್ನು 200 ಲೀಟರಿನ ಬ್ಯಾರೆಲ್‌ಗಳಲ್ಲಿ ಇಡುತ್ತೇವೆ. ಬ್ಯಾರೆಲ್‌ಗಳು ಪಂಪ್‌ಹೌಸಿನ ಹೊರಗೆ ನಿಲ್ಲಿಸಿವೆ, ಮುಚ್ಚಳ ಬಿಗಿಯಾಗಿಯೇ ಇದೆ. ಆದರೂ ಟ್ರ್ಯಾಕ್ಟರ್ ಮತ್ತು ಮಿನಿ ಲಾರಿ ಎರಡರಲ್ಲೂ ನೀರು. ಕಾಫಿ ಕೊಯ್ಲಿಗೆ ಮೊದಲು ಇದನ್ನು ಸರಿಮಾಡಬೇಕು.
— ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಬ್ಯಾರೆಲ್ ಹೊರಗೆ ನಿಂತಿದೆ ಎಂಬ ಸಾಲಿನಲ್ಲೇ ಕಾರಣವಿದೆ. ನಿಂತ ಬ್ಯಾರೆಲ್ಲಿನ ಮೇಲ್ಭಾಗ ಅಂಚು ಎದ್ದ ತಟ್ಟೆಯ ಹಾಗೆ. ಅದರಲ್ಲಿ 1 ಸೆಂಟಿಮೀಟರ್ ಮಳೆನೀರು ನಿಂತರೆ ಎರಡೂವರೆ ಲೀಟರ್ ಆಯಿತು. ಮುಚ್ಚಳಗಳೆರಡೂ ಆ ನೀರಿನೊಳಗೇ ಮುಳುಗಿರುತ್ತವೆ. ಈಗ ಉಳಿದದ್ದನ್ನು ಬಿಸಿಲು ಮಾಡುತ್ತದೆ. ಹಗಲು ಬಿಸಿಯಾಗಿ ಒಳಗಿನ ಗಾಳಿ ಸ್ವಲ್ಪ ಹೊರಹೋಗುತ್ತದೆ. ಸಂಜೆ ಒಂದು ಮಳೆ ಬಿದ್ದು 10 ಡಿಗ್ರಿ ತಣಿದರೆ 200 ಲೀಟರ್ ಡೀಸೆಲ್ ಒಂದೂವರೆ ಲೀಟರಿಗಿಂತ ಹೆಚ್ಚು ಕುಗ್ಗುತ್ತದೆ. ಆ ಖಾಲಿ ತುಂಬಲು ಬ್ಯಾರೆಲ್ ಉಸಿರು ಎಳೆಯುತ್ತದೆ. ಮುಚ್ಚಳದ ವಾಷರ್ ಹಳತಾಗಿದ್ದರೆ ಎಳೆಯುವುದು ಗಾಳಿಯನ್ನಲ್ಲ, ಮೇಲೆ ನಿಂತ ನೀರನ್ನು. ಡೀಸೆಲ್ ಹೊರಗೆ ಸೋರದಷ್ಟು ಬಿಗಿ ಇದ್ದ ಮುಚ್ಚಳದಿಂದಲೂ ನೀರು ಒಳಗೆ ಇಳಿಯುವುದು ಹೀಗೆ.

ಸೂರಿನ ಕೆಳಗೆ ಜಾಗವಿದ್ದರೆ ಬ್ಯಾರೆಲ್ಲನ್ನು ಮರದ ತುಂಡುಗಳ ಮೇಲೆ ಮಲಗಿಸಿ. ಎರಡು ಮುಚ್ಚಳಗಳೂ ಗಡಿಯಾರದ 3 ಮತ್ತು 9ರ ಕಡೆ, ಒಂದೇ ಮಟ್ಟದಲ್ಲಿ ಬರಲಿ. ತುಂಬಿದ ಬ್ಯಾರೆಲ್ಲಿನಲ್ಲಿ ಮುಚ್ಚಳ ಒಳಗಿನಿಂದ ಡೀಸೆಲ್ಲಿನಲ್ಲಿ ಮುಳುಗಿರುವುದರಿಂದ ತೇವದ ಗಾಳಿ ಒಳಗೆ ಹೋಗುವುದಿಲ್ಲ, ಸೋರಿದರೂ ಕಣ್ಣಿಗೆ ಕಾಣುತ್ತದೆ. ನಿಲ್ಲಿಸಲೇಬೇಕಾದರೆ ಒಂದು ಕಡೆ ರೀಪು ಕೊಟ್ಟು ಓರೆ ಮಾಡಿ. ತಗ್ಗಿನ ಕಡೆಗೆ ಎರಡು ಮುಚ್ಚಳಗಳಲ್ಲಿ ಯಾವುದೂ ಬರದಂತೆ, ಎರಡೂ ಅಕ್ಕಪಕ್ಕದಲ್ಲಿ ಉಳಿಯುವಂತೆ ತಿರುಗಿಸಿ. ಮೇಲೆ ತಗಡು ಮುಚ್ಚಿ. ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದರೆ ನಡುವೆ ಗುಳಿಯಾಗಿ ಅದರಲ್ಲೇ ನೀರು ನಿಲ್ಲುತ್ತದೆ, ನೆನಪಿರಲಿ.

ಈಗಿರುವ ಡೀಸೆಲ್ಲಿನಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ನೀರು ಪತ್ತೆ ಮಾಡುವ ಪೇಸ್ಟ್ ಸಿಗುತ್ತದೆ, ಬಂಕಿನವರು ಬಳಸುವುದೂ ಅದೇ. ಒಣಗಿದ ಕೋಲಿನ ತುದಿಗೆ ಒಂದು ಗೇಣು ತೆಳ್ಳಗೆ ಸವರಿ, ಬ್ಯಾರೆಲ್ಲಿನ ತಳಕ್ಕೆ ತಾಗಿಸಿ ಒಂದು ನಿಮಿಷ ಹಿಡಿದು ತೆಗೆಯಿರಿ. ನೀರು ಮುಟ್ಟಿದಷ್ಟು ಎತ್ತರಕ್ಕೆ ಬಣ್ಣ ಬದಲಾಗಿರುತ್ತದೆ. ನಿಂತ ಬ್ಯಾರೆಲ್ಲಿನ ತಳದಲ್ಲಿ 1 ಸೆಂಟಿಮೀಟರ್ ಬಣ್ಣ ಎಂದರೆ ಮತ್ತೆ ಅದೇ ಎರಡೂವರೆ ಲೀಟರ್. ತೆಗೆಯಲು ಹ್ಯಾಂಡ್ ಪಂಪಿನ ಪೈಪನ್ನು ತಳಕ್ಕೇ ಇಳಿಸಿ ಮೊದಲು ನೀರು ಎಳೆದುಬಿಡಿ. ದಿನದ ಬಳಕೆಗೆ ಅದೇ ಪೈಪ್ ತಳದಿಂದ 5-7 ಸೆಂಟಿಮೀಟರ್ ಮೇಲಿರಲಿ. ಕೊನೆಯ ಹತ್ತು ಹದಿನೈದು ಲೀಟರನ್ನು ಗಾಡಿಗೆ ಹಾಕದೆ ಬೇರೆ ಕ್ಯಾನಿಗೆ ತೆಗೆದು, ಒಂದೆರಡು ದಿನ ತಿಳಿಯಾಗಲು ಬಿಟ್ಟು, ಮೇಲಿನದನ್ನು ಮಾತ್ರ ಬಳಸಿ. ಬ್ಯಾರೆಲ್ ಉರುಳಿಸಿ ತಂದ ದಿನವೇ ಅದರಿಂದ ಎಳೆಯಬೇಡಿ, 24 ಗಂಟೆ ನಿಲ್ಲಲಿ.

ಕಲಾಯಿ ಮಾಡಿದ ತಗಡಿನ ಡ್ರಮ್ಮಿನಲ್ಲಿ ಡೀಸೆಲ್ ಇಡಬಾರದು. ಸತು ಡೀಸೆಲ್ಲಿನಲ್ಲಿ ಕರಗಿ ನಾಜಲ್ಲಿಗೆ ಕಟ್ಟಿಕೊಳ್ಳುತ್ತದೆ. ಕಾನೂನಿನ ಮಟ್ಟಿಗೆ, ಒಂದೊಂದು ಪಾತ್ರೆ 1,000 ಲೀಟರ್ ಮೀರದೆ ಒಟ್ಟು 2,500 ಲೀಟರ್‌ವರೆಗಿನ ಡೀಸೆಲ್ಲಿಗೆ ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಡ. ಬಸಿದ ನೀರಿನಲ್ಲೂ ಡೀಸೆಲ್ ಇರುತ್ತದೆ. ಅದನ್ನು ತೋಡಿಗೆ ಚೆಲ್ಲಿದರೆ ಸಿದ್ದಾಪುರದಿಂದ ಕಾವೇರಿ ಎಷ್ಟು ದೂರ ಎಂದು ನಿಮಗೆ ಹೇಳಬೇಕಾಗಿಲ್ಲ. ಕ್ಯಾನಿನಲ್ಲಿ ಕೂಡಿಟ್ಟು, ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಮರ ಸಾಗಿಸುವ ಹಳೇ ಲಾರಿ. ಟ್ಯಾಂಕ್ ಬಸಿದು ಫಿಲ್ಟರ್ ಬದಲಿಸಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ, ಏರ್ ಹಿಡಿದಿದೆ. ತೆಗೆಯುವ ಸರಿಯಾದ ಕ್ರಮ ಯಾವುದು? ಇದೇ ಕ್ರಮ ನನ್ನ ಅಣ್ಣನ ಬಿಎಸ್-6 ಗಾಡಿಗೂ ಆಗುತ್ತದೆಯೇ?
— ಡ್ರೈವರ್, ವಿರಾಜಪೇಟೆ

ಉತ್ತರ: ಹಳೇ ಇನ್‌ಲೈನ್ ಪಂಪಿನ ಗಾಡಿಗೆ ಕ್ರಮ ಟ್ಯಾಂಕಿನಿಂದ ಎಂಜಿನ್ ಕಡೆಗೆ. ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪ್ರೈಮರಿನ ಗುಬುಟು ತಿರುಗಿಸಿ ಬಿಡಿಸಿಕೊಳ್ಳಿ. ಫಿಲ್ಟರ್ ತಲೆಯ ಏರ್ ತಿರುಪು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆ ಬರುವವರೆಗೆ ಹೊಡೆಯಿರಿ. ಹೊಡೆಯುತ್ತಿರುವಾಗಲೇ ತಿರುಪು ಮುಚ್ಚಬೇಕು, ನಿಲ್ಲಿಸಿ ಮುಚ್ಚಿದರೆ ಗಾಳಿ ಮತ್ತೆ ಒಳಗೆ. ಆಮೇಲೆ ಪಂಪಿನ ಮೇಲಿನ ತಿರುಪಿಗೂ ಹೀಗೆಯೇ. ಪ್ರೈಮರಿನ ಗುಬುಟನ್ನು ಮರಳಿ ಬಿಗಿ ಮಾಡಿ. ಇದನ್ನು ಮರೆತರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಇಷ್ಟರಲ್ಲಿ ಸ್ಟಾರ್ಟ್ ಆಗದಿದ್ದರೆ ನಾಜಲ್ ಪೈಪುಗಳ ನಟ್ಟನ್ನು, ಸಾಮಾನ್ಯವಾಗಿ 17ರ ಸ್ಪ್ಯಾನರಿನಲ್ಲಿ, ಅರ್ಧ ಸುತ್ತು ಸಡಿಲಿಸಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಡೀಸೆಲ್ ಚಿಮ್ಮಿದ ಪೈಪನ್ನು ಒಂದೊಂದಾಗಿ ಬಿಗಿ ಮಾಡುತ್ತ ಬನ್ನಿ. ಮೊದಲು ನೀರಿನ ಗುಳ್ಳೆ ಬಂದು ಆಮೇಲೆ ಡೀಸೆಲ್ ಬರಬಹುದು. ಪಂಪಿನೊಳಗೂ ನೀರು ಹೋಗಿತ್ತು ಎಂದರ್ಥ. ಹಾಗಾದರೆ ಸ್ಟಾರ್ಟ್ ಮಾಡಿ ನಿಲ್ಲಿಸಿಬಿಡಬೇಡಿ, ಅರ್ಧ ಗಂಟೆಯಾದರೂ ಓಡಲಿ. ಆ ಪಂಪನ್ನು ಒದ್ದೆಯಾಗಿಯೇ ನಾಲ್ಕು ದಿನ ಬಿಟ್ಟರೆ ಒಳಗೆ ಡೀಸೆಲ್ ಒತ್ತುವ ಪ್ಲಂಜರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಅಣ್ಣನ ಗಾಡಿಯಲ್ಲಿ ನಾಜಲ್ ಪೈಪಿನ ನಟ್ಟು ಮುಟ್ಟಲೇಬೇಡಿ. ಹಳೇ ಗಾಡಿಯ ನಾಜಲ್ ತೆರೆಯುವುದು 200-250 ಬಾರ್‌ಗೆ, ಕಾಮನ್ ರೈಲಿನಲ್ಲಿ ಅದರ ಏಳೆಂಟು ಪಟ್ಟು. ಆ ಧಾರೆ ಚರ್ಮವನ್ನು ತೂತು ಮಾಡಿ ಡೀಸೆಲ್ಲನ್ನು ಒಳಗೆ ನುಗ್ಗಿಸುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಸಾಯುತ್ತದೆ. ಹಾಗಾದವರನ್ನು ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು, ಬೆರಳು ಉಳಿಯುವುದು ಗಂಟೆಗಳ ಲೆಕ್ಕದ ಮೇಲೆ. ಬಿಎಸ್-6ರಲ್ಲಿ ಏರ್ ತೆಗೆಯುವುದು ಫಿಲ್ಟರ್‌ವರೆಗೆ ಮಾತ್ರ, ಮುಂದಿನದನ್ನು ಗಾಡಿಯೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಟ್ಯಾಂಕಿಗೆ ಸ್ವಲ್ಪ ಸ್ಪಿರಿಟ್ ಅಥವಾ ಸೀಮೆಎಣ್ಣೆ ಹಾಕಿದರೆ ನೀರು ಹೋಗುತ್ತದಂತೆ, ಹೌದೇ?
— ಗೋಣಿಕೊಪ್ಪ

ಉತ್ತರ: ಸೀಮೆಎಣ್ಣೆಗೂ ನೀರಿಗೂ ಸಂಬಂಧವೇ ಇಲ್ಲ. ನೀರು ತಳದಲ್ಲಿ ಹಾಗೇ ಉಳಿದು, ಡೀಸೆಲ್ಲಿನ ಜಿಡ್ಡು ಮಾತ್ರ ಕಡಿಮೆಯಾಗುತ್ತದೆ. ಸ್ಪಿರಿಟ್ ನೀರನ್ನು ತನ್ನೊಳಗೆ ಎಳೆದುಕೊಳ್ಳುವುದು ನಿಜ. ಆದರೆ ಹಾಗೆ ಕರಗಿದ ನೀರನ್ನು ಫಿಲ್ಟರ್ ಹಿಡಿಯಲಾರದು, ಸೀದಾ ಪಂಪಿಗೆ ಹೋಗುತ್ತದೆ. ಜೊತೆಗೆ ಡೀಸೆಲ್ ಬೇಗ ಬೆಂಕಿ ಹಿಡಿಯುವಂತಾಗುತ್ತದೆ, ರಬ್ಬರ್ ಸೀಲುಗಳೂ ಕೆಡುತ್ತವೆ. ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲೂ ಎರಡು ಜಾತಿ. ಒಂದು ನೀರನ್ನು ಡೀಸೆಲ್ಲಿನಲ್ಲಿ ಕದಡುತ್ತದೆ, ಇನ್ನೊಂದು ಬೇರ್ಪಡಿಸಿ ತಳಕ್ಕೆ ಇಳಿಸುತ್ತದೆ. ಕಾಮನ್ ರೈಲಿಗೆ ಮೊದಲನೆಯದು ಬೇಡವೇ ಬೇಡ. ಎರಡನೆಯದು ಹಾಕಿದರೂ ಕೊನೆಗೆ ಬಸಿಯಲೇಬೇಕು. ಬಸಿಯುವುದಾದರೆ ಬಾಟಲಿ ಏತಕ್ಕೆ?

ಪ್ರಶ್ನೆ: ಫಿಲ್ಟರ್ ಬಿಚ್ಚಿದರೆ ಕಪ್ಪು-ಕಂದು ಲೋಳೆ. ತಿಂಗಳಲ್ಲಿ ಮೂರು ಫಿಲ್ಟರ್ ಹೋಯಿತು. ನೀರು ಹೆಚ್ಚೇನೂ ಬರುತ್ತಿಲ್ಲ.
— ನಾಪೋಕ್ಲು

ಉತ್ತರ: ಅದು ಜೀವ ಇರುವ ಲೋಳೆ. ನೀರಿನ ಮೇಲೆ ಡೀಸೆಲ್ ನಿಂತಿರುವ ಗೆರೆಯಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯ ಬೆಳೆಯುತ್ತವೆ. ಹಾರ್ಮೊಕೊನಿಸ್ ರೆಸಿನೆ ಎಂಬ ಶಿಲೀಂಧ್ರ ಇದಕ್ಕೆ ಹೆಸರುವಾಸಿ. ಬದುಕುವುದು ನೀರಿನಲ್ಲಿ, ತಿನ್ನುವುದು ಡೀಸೆಲ್ಲನ್ನು. ಒಂದೆರಡು ಚಮಚ ನೀರು ತಿಂಗಳುಗಟ್ಟಲೆ ನಿಂತರೆ ಅದಕ್ಕೆ ಬೇಕಾದಷ್ಟಾಯಿತು. ಅದು ಬಿಡುವ ಆಮ್ಲ ಟ್ಯಾಂಕಿನ ತಳವನ್ನೂ ತಿನ್ನುತ್ತದೆ. ಬೆರಳಲ್ಲಿ ಉಜ್ಜಿದರೆ ಜಾರುವ ಲೋಳೆ, ಹುಳಿ ನಾತ ಇದ್ದರೆ ಇದೇ. ಗರಗರ ಪುಡಿಯಾದರೆ ತುಕ್ಕು.

ಮದ್ದು ಹಾಕುವ ಮೊದಲು ನೀರು ತೆಗೆಯಬೇಕು, ಟ್ಯಾಂಕ್ ಇಳಿಸಿ ಗೋಡೆಗೆ ಅಂಟಿದ ಪೊರೆಯನ್ನು ಉಜ್ಜಿ ತೊಳೆದು ಪೂರ್ತಿ ಒಣಗಿಸಬೇಕು. ಆಮೇಲೆ ಈ ಜೀವಿಗಳನ್ನು ಕೊಲ್ಲುವ ಡೀಸೆಲ್ ಬಯೋಸೈಡನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಹಾಕಿ. ಅದು ವಿಷ, ಕೈಗವಸು ಬೇಕು. ಪೊರೆ ಉಜ್ಜದೆ ಬರೀ ಮದ್ದು ಸುರಿದರೆ ಸತ್ತದ್ದೆಲ್ಲ ಒಟ್ಟಿಗೆ ಕಳಚಿ ಫಿಲ್ಟರಿಗೆ ಬರುತ್ತದೆ. ತೊಳೆದ ಮೇಲೂ ಇನ್ನೊಂದೆರಡು ಫಿಲ್ಟರ್ ಹೋಗಬಹುದು, ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಪ್ರಶ್ನೆ: ಹೊಸ ಕ್ಲೀನರ್ ಹುಡುಗ, ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವದ ಕ್ಯಾನನ್ನು ಡೀಸೆಲ್ ಟ್ಯಾಂಕಿಗೆ ಸುರಿದುಬಿಟ್ಟ, ಸುಮಾರು 5 ಲೀಟರ್. ಗಾಡಿ ಸ್ಟಾರ್ಟ್ ಮಾಡಿಲ್ಲ. ಬಸಿದರೆ ಸಾಕೇ?
— ಮಡಿಕೇರಿ

ಉತ್ತರ: ಸ್ಟಾರ್ಟ್ ಮಾಡದೆ ಉಳಿದದ್ದು ನಿಮ್ಮ ಪುಣ್ಯ. ಕೀ ಕೂಡ ಹಾಕಬೇಡಿ. ಎಷ್ಟೋ ಗಾಡಿಗಳಲ್ಲಿ ಕೀ ಹಾಕಿದ ಕೂಡಲೇ ಟ್ಯಾಂಕಿನ ಪಂಪು ಎಳೆಯತೊಡಗುತ್ತದೆ. ಆ ದ್ರವದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ನೀರು. ಬರೀ ನೀರಿಗಿಂತಲೂ ಭಾರ, ಸೀದಾ ತಳ ಸೇರುತ್ತದೆ. ಒಣಗಿದಲ್ಲಿ ಬಿಳಿ ಹರಳು ಕಟ್ಟುತ್ತದೆ, ಡೀಸೆಲ್ಲಿನಲ್ಲಿ ಆ ಹರಳು ಕರಗುವುದಿಲ್ಲ. ಹಾಗಾಗಿ ಬಸಿದರೆ ಸಾಲದು. ಬ್ಯಾಟರಿ ಕಳಚಿ, ಟ್ಯಾಂಕ್ ಇಳಿಸಿ, ಎಲ್ಲ ಖಾಲಿ ಮಾಡಿ, ಬೆಚ್ಚಗಿನ ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಪೂರ್ತಿ ಒಣಗಿಸಿ, ಕೊನೆಗೆ ಸ್ವಲ್ಪ ಡೀಸೆಲ್ಲಿನಲ್ಲಿ ಕುಲುಕಿ ಅದನ್ನು ಕ್ಯಾನಿಗೆ ತೆಗೆಯಬೇಕು. ಡೀಸೆಲ್ ಟ್ಯಾಂಕನ್ನು ನೀರಿನಿಂದ ತೊಳೆಯಬೇಕಾದ ಸಂದರ್ಭ ಇದೊಂದೇ ಇರಬೇಕು. ಟ್ಯಾಂಕಿನೊಳಗಿನ ಪಂಪು, ಗೇಜು ತೆಗೆದು ಒರೆಸಿ ನೋಡಿ. ಎಂಜಿನ್ ಓಡಿಬಿಟ್ಟಿದ್ದರೆ ಕಂಪನಿ ವರ್ಕ್‌ಶಾಪಿಗೆ ಟೋ ಮಾಡಿಸುವುದೇ ದಾರಿ.

ಯೂರಿಯಾ ಟ್ಯಾಂಕಿನ ಮುಚ್ಚಳ ನೀಲಿ, ಬಾಯಿ ಚಿಕ್ಕದು. ಬಂಕಿನ ಡೀಸೆಲ್ ಗನ್ ಅದಕ್ಕೆ ಹೋಗುವುದಿಲ್ಲ. ಆದರೆ ಕ್ಯಾನು, ಆಲಿಕೆ ಹಿಡಿದು ಹೊರಟರೆ ಯಾವ ಬಾಯಿಗೂ ಸುರಿಯಬಹುದು. ಎರಡಕ್ಕೂ ಬೇರೆ ಬೇರೆ ಆಲಿಕೆ ಇಡಿ.

ಪ್ರಶ್ನೆ: ಬಂಕಿನಲ್ಲಿ ಹಾಕಿಸಿದ ಡೀಸೆಲ್ಲಿನಲ್ಲೇ ನೀರಿತ್ತು ಎಂದು ಅನುಮಾನ. ಡೆನ್ಸಿಟಿ (ಸಾಂದ್ರತೆ) ನೋಡಿದೆವು, ಸರಿಯಾಗಿಯೇ ಇತ್ತು. ಸಾಬೀತು ಮಾಡುವುದು ಹೇಗೆ?
— ಪೊನ್ನಂಪೇಟೆ

ಉತ್ತರ: ಡೆನ್ಸಿಟಿ ಪರೀಕ್ಷೆ ಕಲಬೆರಕೆಗೆ. 15 ಡಿಗ್ರಿಗೆ ಪರಿವರ್ತಿಸಿದ ಅಂಕಿ ಬಂಕಿನ ದಾಖಲೆಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಆಚೀಚೆ ಇದ್ದರೆ ಅನುಮಾನ ಪಡಬೇಕು. ಬೇರೆಯಾಗಿ ತಳದಲ್ಲಿ ನಿಂತ ನೀರನ್ನು ಅದು ತೋರಿಸುವುದಿಲ್ಲ. ನೀವು ಕೇಳಬೇಕಾದ್ದು ನೆಲದಡಿಯ ಟ್ಯಾಂಕಿಗೆ ಪೇಸ್ಟ್ ಸವರಿದ ಕೋಲು ಇಳಿಸಿ ತೋರಿಸಿ ಎಂದು. ಫಿಲ್ಟರ್ ಪೇಪರ್ ಪರೀಕ್ಷೆ ಪೆಟ್ರೋಲಿಗೆ, ಡೀಸೆಲ್ಲಿಗಲ್ಲ.

ಇನ್ನೊಂದು ಸುಲಭದ ಪರೀಕ್ಷೆ: ಅದೇ ಗನ್ನಿನಿಂದ ಒಂದು ಲೀಟರನ್ನು ಒಣಗಿದ ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ, ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಓದಬಹುದು. ಗುಳ್ಳೆ ಆರಿದ ಮೇಲೂ ಮಬ್ಬಾಗಿದ್ದರೆ ನೀರು ಕದಡಿದೆ. ಅರ್ಧ ಗಂಟೆಯಲ್ಲಿ ತಳದಲ್ಲಿ ಗೆರೆ ಕಾಣಬಹುದು. ನಿಮ್ಮ ಟ್ಯಾಂಕಿನಿಂದ ಬಸಿದ ಸ್ಯಾಂಪಲ್ ಒಂದೇ ಇದ್ದರೆ ಅದು ಸಾಕ್ಷಿಯಾಗಿ ದುರ್ಬಲ. ನೀರು ನಿಮ್ಮ ಮುಚ್ಚಳದಿಂದಲೇ ಬಂದಿರಬಹುದು ಎಂದು ಅವರು ಹೇಳುತ್ತಾರೆ, ಹಾಗೆ ಹೇಳುವುದು ನ್ಯಾಯವೂ ಹೌದು. ಗನ್ನಿನ ಸ್ಯಾಂಪಲ್ ಒಂದು, ಟ್ಯಾಂಕಿನದು ಒಂದು, ಎರಡಕ್ಕೂ ದಿನ, ಹೊತ್ತು, ಬಿಲ್ ನಂಬರ್, ಗಾಡಿ ನಂಬರ್ ಬರೆದು ಬಂಕಿನವರ ಎದುರೇ ಮುಚ್ಚಿ, ದೂರು ಪುಸ್ತಕದಲ್ಲಿ ಬರೆಯಿರಿ. ಅದೇ ದಿನ ಅಲ್ಲಿ ಹಾಕಿಸಿದ ಇನ್ನೊಂದೆರಡು ಗಾಡಿಗಳೂ ನಿಂತಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಪ್ರಶ್ನೆ: 2018, 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದ ಹಾಗೆ ಮತ್ತೆ ನೀರು ನುಗ್ಗಿ ಲಾರಿ ಟ್ಯಾಂಕ್ ಮಟ್ಟ ಮುಳುಗಿದರೆ, ನೀರು ಇಳಿದ ಮೇಲೆ ಮೊದಲು ಏನು ಮಾಡಬೇಕು?
— ಕರಡಿಗೋಡು

ಉತ್ತರ: ಮೊದಲ ಕೆಲಸ ಸೆಲ್ಫ್ ಹೊಡೆಯದಿರುವುದು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಟ್ಯಾಂಕಿನ ಮುಚ್ಚಳ, ಉಸಿರಾಟದ ಪೈಪು ಮುಳುಗಿದ್ದರೆ ನೀರಷ್ಟೇ ಅಲ್ಲ, ಸಣ್ಣ ಮಣ್ಣೂ ಒಳಗಿದೆ. ಅದು ಫಿಲ್ಟರನ್ನು ನಿಮಿಷದಲ್ಲಿ ಕಟ್ಟಿಸುತ್ತದೆ. ಹಾಗಾಗಿ ತಳದ ಬೋಲ್ಟಿನಿಂದ ಬಸಿದು ನಿಲ್ಲದೆ ಟ್ಯಾಂಕ್ ಇಳಿಸಿ ತೊಳೆಯಿರಿ, ಹೋಗುವ-ಬರುವ ಎರಡೂ ಪೈಪುಗಳಿಗೆ ಗಾಳಿ ಊದಿಸಿ. ಗಾಳಿ ಊದಿಸುವಾಗ ಪೈಪನ್ನು ಪಂಪಿನ ಕಡೆ ಕಳಚಿರಬೇಕು, ಇಲ್ಲದಿದ್ದರೆ ಮಣ್ಣನ್ನು ಪಂಪಿಗೇ ತಳ್ಳಿದಂತೆ. ಡಿಪ್ ಸ್ಟಿಕ್ ಎಳೆದು ನೋಡಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಡೀಸೆಲ್ಲಿನ ಮಾತು ಆಮೇಲೆ, ಎಂಜಿನ್ ಫಿಟ್ಟರ್ ಮೊದಲು ಬರಬೇಕು. ಏರ್ ಫಿಲ್ಟರ್ ಒದ್ದೆಯಾಗಿದ್ದರೂ ಹಾಗೆಯೇ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ಗಳಿಗೂ ಉಸಿರಾಟದ ತೂತು ಇದೆ, ಅವುಗಳ ಆಯಿಲನ್ನೂ ಅದೇ ದಿನ ಇಳಿಸಿ ನೋಡಿ. ಮಳೆ ಜೋರಾಗುವ ಸೂಚನೆ ಸಿಕ್ಕಾಗ ಲಾರಿಯನ್ನು ಹೊಳೆದಂಡೆಯಿಂದ ಮೇಲಿನ ರಸ್ತೆಗೆ ಒಯ್ದು ನಿಲ್ಲಿಸಲು ಬೇಕಾದಷ್ಟು ಡೀಸೆಲ್ ಟ್ಯಾಂಕಿನಲ್ಲಿ ಇರಲಿ.